ಮನೆ ಕಟ್ಟಿದವಳ ಲೆಕ್ಕ

ನ್ಯೂಯಾರ್ಕಿನಲ್ಲಿ 1923ರಲ್ಲಿ ಯಾಂಕೀ ಸ್ಟೇಡಿಯಂ ತೆರೆದಾಗ ಅದಕ್ಕೆ ‘ರೂತ್ ಕಟ್ಟಿದ ಮನೆ’ ಎಂಬ ಅಡ್ಡಹೆಸರು ಬಂತು. ಬೇಬ್ ರೂತ್ ಎಂಬ ಬೇಸ್‌ಬಾಲ್ ಆಟಗಾರನನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಆ ಟಿಕೆಟ್ ಹಣದ ಬಲದಿಂದಲೇ ಅಷ್ಟು ದೊಡ್ಡ ಕ್ರೀಡಾಂಗಣ ಎದ್ದಿತು ಎಂಬುದು ಆ ಮಾತಿನ ಅರ್ಥ. ಸುಮಾರು ಮೂರು ದಶಕಗಳ ನಂತರ ಅದೇ ನಗರದಲ್ಲಿ ಅದೇ ಮಾತು ಇನ್ನೊಬ್ಬ ರೂತ್‌ಗೆ ಅಂಟಿಕೊಂಡಿತು. ಈ ರೂತ್ ಒಬ್ಬ ಕರಿಯ ಗಾಯಕಿ, ರೂತ್ ಬ್ರೌನ್. ಅವರು ಕಟ್ಟಿದ ‘ಮನೆ’ ಅಟ್ಲಾಂಟಿಕ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆ. ಮುಂದೆ ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್, ಲೆಡ್ ಜೆಪ್ಪೆಲಿನ್‌ರಂಥ ಹೆಸರುಗಳಿಂದ ಜಗತ್ತಿಗೆಲ್ಲ ಪರಿಚಿತವಾದ ಸಂಸ್ಥೆ ಅದು.

ಹೊಗಳಿಕೆ ಸುಳ್ಳಾಗಿರಲಿಲ್ಲ. 1949ರಿಂದ 1955ರವರೆಗಿನ ಅವಧಿಯಲ್ಲಿ ರೂತ್ ಬ್ರೌನ್ ಹಾಡುಗಳು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಜನಪ್ರಿಯತಾ ಪಟ್ಟಿಯಲ್ಲಿ ಒಟ್ಟು 149 ವಾರ ಇದ್ದವು. ಮೊದಲ ಹತ್ತು ಸ್ಥಾನಗಳೊಳಗೆ ಬಂದ ಅವರ ಹಾಡುಗಳು ಒಟ್ಟು 21. ಅವುಗಳಲ್ಲಿ ಐದು ಮೊದಲ ಸ್ಥಾನಕ್ಕೇರಿದವು. ಆದರೆ ಆ ಸಂಸ್ಥೆಯನ್ನು ಬಿಟ್ಟ ಕೆಲವೇ ವರ್ಷಗಳಲ್ಲಿ ಇದೇ ಗಾಯಕಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ ಶಾಲಾ ಬಸ್ ಓಡಿಸುತ್ತಿದ್ದರು, ಬೇರೆಯವರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಮನೆ ಕಟ್ಟಿದವರು ಇವರೇ ಎಂದು ಎಲ್ಲರೂ ಒಪ್ಪುತ್ತಿದ್ದರು. ಆದರೆ ಆ ಮನೆಯ ಖಾತೆಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬರೆದಿದ್ದದ್ದು ಬರಬೇಕಾದ ಹಣವಲ್ಲ, ಸಾಲ.

ಆ ಸಾಲ ಹೇಗೆ ಹುಟ್ಟಿತು, ಹೇಗೆ ತೀರಿತು ಎಂಬುದನ್ನು ಹೇಳದೆ ರೂತ್ ಬ್ರೌನ್ ಅವರ ಬದುಕನ್ನು ಹೇಳಲಾಗದು.

* * *

ರೂತ್ ಆಲ್ಸ್ಟನ್ ವೆಸ್ಟನ್ ಹುಟ್ಟಿದ್ದು 1928ರ ಜನವರಿ 12ರಂದು, ವರ್ಜೀನಿಯಾ ರಾಜ್ಯದ ಬಂದರು ಪಟ್ಟಣ ಪೋರ್ಟ್ಸ್‌ಮತ್‌ನಲ್ಲಿ. ಏಳು ಮಕ್ಕಳಲ್ಲಿ ಹಿರಿಯವಳು. ತಂದೆ ಬಂದರಿನಲ್ಲಿ ಸರಕು ಇಳಿಸುವ ಕೂಲಿ, ಭಾನುವಾರ ಊರಿನ ಚರ್ಚಿನಲ್ಲಿ ಗಾಯಕವೃಂದದ ಮುಖ್ಯಸ್ಥ. ಬೇಸಿಗೆ ಬಂದರೆ ಮಕ್ಕಳು ಉತ್ತರ ಕೆರೊಲಿನಾದ ಅಜ್ಜಿಯ ಹೊಲಕ್ಕೆ ಹೋಗಿ ಹತ್ತಿ ಬಿಡಿಸುತ್ತಿದ್ದರು. ತಂದೆಯ ಪಾಲಿಗೆ ಹಾಡು ಎಂದರೆ ದೇವರ ಹಾಡು. ಬ್ಲೂಸ್ ಸೈತಾನನ ಸಂಗೀತ. ಮಗಳಿಗೆ ಹಿಡಿಸಿದ್ದು ಸಾರಾ ವಾನ್, ಬಿಲ್ಲಿ ಹಾಲಿಡೇ, ಡೈನಾ ವಾಷಿಂಗ್ಟನ್. ಯುದ್ಧದ ಆ ದಿನಗಳಲ್ಲಿ ಊರಿನ ಸುತ್ತ ಸೈನಿಕರು, ನಾವಿಕರು ತುಂಬಿದ್ದರು. ಅವರ ಮನರಂಜನಾ ಕೂಟಗಳಲ್ಲಿ ಹುಡುಗಿ ಮನೆಯವರಿಗೆ ತಿಳಿಯದಂತೆ ಹಾಡುತ್ತಿದ್ದಳು.

1945ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಜಿಮ್ಮಿ ಬ್ರೌನ್ ಎಂಬ ಟ್ರಂಪೆಟ್ ವಾದಕನ ಜೊತೆ ಅವಳು ಮನೆ ಬಿಟ್ಟಳು. ಮದುವೆಯಾದ ಮೇಲೆ ಅವನಿಗೆ ಈಗಾಗಲೇ ಒಂದು ಮದುವೆಯಾಗಿದೆ ಎಂದು ಗೊತ್ತಾಯಿತು. ಗಂಡ ಹೋದ, ‘ಬ್ರೌನ್’ ಎಂಬ ಹೆಸರು ಉಳಿಯಿತು. ಆಮೇಲೆ ಲಕ್ಕಿ ಮಿಲಿಂಡರ್ ಎಂಬ ಹೆಸರಾಂತ ವಾದ್ಯವೃಂದ ನಾಯಕನ ತಂಡದಲ್ಲಿ ಕೆಲಸ ಸಿಕ್ಕಿತು. ಅದು ಒಂದು ತಿಂಗಳೂ ನಿಲ್ಲಲಿಲ್ಲ. ಕಾರ್ಯಕ್ರಮದ ನಡುವೆ ವಾದಕರಿಗೆ ಕುಡಿಯಲು ತಂದುಕೊಟ್ಟಳು ಎಂಬ ಕಾರಣಕ್ಕೆ ಮಿಲಿಂಡರ್ ಅವಳನ್ನು ವಾಷಿಂಗ್ಟನ್ನಿನಲ್ಲೇ ಕೆಲಸದಿಂದ ತೆಗೆದ.

ಕೈಯಲ್ಲಿ ಕಾಸಿಲ್ಲದೆ ನಿಂತ ಹುಡುಗಿಯ ಕೈ ಹಿಡಿದವರು ಬ್ಲಾಂಚ್ ಕ್ಯಾಲೊವೇ. ಖ್ಯಾತ ಕ್ಯಾಬ್ ಕ್ಯಾಲೊವೇ ಅವರ ಅಕ್ಕ. ಗಂಡಸರ ವಾದ್ಯವೃಂದವನ್ನು ತಾವೇ ಮುನ್ನಡೆಸಿದ್ದ ಬ್ಲಾಂಚ್‌ಗೆ ಆ ಲೋಕದ ಒಳಹೊರಗು ಗೊತ್ತಿತ್ತು. ವಾಷಿಂಗ್ಟನ್ನಿನ ಕ್ರಿಸ್ಟಲ್ ಕ್ಯಾವರ್ನ್ಸ್ ಎಂಬ ಕ್ಲಬ್ಬಿನಲ್ಲಿ ಹಾಡಲು ಅವಕಾಶ ಕೊಡಿಸಿ, ಕೊನೆಗೆ ಅವರೇ ರೂತ್ ಅವರ ವ್ಯವಸ್ಥಾಪಕಿಯಾದರು. ಅಲ್ಲಿ ರೂತ್ ಹಾಡಿದ್ದನ್ನು ವಿಲ್ಲಿಸ್ ಕಾನೋವರ್ ಕೇಳಿದರು. ಮುಂದೆ ವಾಯ್ಸ್ ಆಫ್ ಅಮೆರಿಕದ ಜಾಝ್ ಕಾರ್ಯಕ್ರಮದಿಂದ ಶಾರ್ಟ್‌ವೇವ್ ರೇಡಿಯೊ ಇದ್ದ ಎಲ್ಲ ದೇಶಗಳಲ್ಲೂ ಪರಿಚಿತರಾದ ದನಿ ಅವರದು. ನ್ಯೂಯಾರ್ಕಿನ ಹೊಸ ಸಂಸ್ಥೆಯೊಂದಕ್ಕೆ ಅವರು ರೂತ್ ಹೆಸರನ್ನು ಸೂಚಿಸಿದರು.

ಆ ಹೊಸ ಸಂಸ್ಥೆಯೇ ಅಟ್ಲಾಂಟಿಕ್. 1947ರಲ್ಲಿ ಅದನ್ನು ಶುರುಮಾಡಿದವರು ಇಬ್ಬರು: ಹರ್ಬ್ ಅಬ್ರಾಮ್ಸನ್ ಮತ್ತು ಅಹ್ಮೆತ್ ಎರ್ತೆಗುನ್. ಎರ್ತೆಗುನ್ ಅಮೆರಿಕದಲ್ಲಿ ಟರ್ಕಿಯ ರಾಯಭಾರಿಯಾಗಿದ್ದವರ ಮಗ. ಕರಿಯರ ಸಂಗೀತದ ಹುಚ್ಚು ಹಿಡಿದು, ಪರಿಚಯದ ದಂತವೈದ್ಯರೊಬ್ಬರಿಂದ ಹತ್ತು ಸಾವಿರ ಡಾಲರ್ ಪಡೆದು ವ್ಯಾಪಾರಕ್ಕಿಳಿದಿದ್ದರು.

1948ರ ಅಕ್ಟೋಬರಿನಲ್ಲಿ ರೂತ್ ಮತ್ತು ಬ್ಲಾಂಚ್ ಕಾರಿನಲ್ಲಿ ನ್ಯೂಯಾರ್ಕಿಗೆ ಹೊರಟರು. ದಾರಿಯಲ್ಲಿ, ಪೆನ್ಸಿಲ್ವೇನಿಯಾದ ಚೆಸ್ಟರ್ ಎಂಬ ಊರಿನ ಬಳಿ ಕಾರು ಅಪಘಾತಕ್ಕೀಡಾಯಿತು. ರೂತ್ ಅವರ ಎರಡೂ ಕಾಲುಗಳಿಗೆ ಗಂಭೀರ ಪೆಟ್ಟಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಅವರಿಗೆ ಇಪ್ಪತ್ತೊಂದು ತುಂಬಿದ ದಿನ ಎರ್ತೆಗುನ್ ಆಸ್ಪತ್ರೆಗೇ ಬಂದರು. ಕೈಯಲ್ಲಿ ಮೂರು ಉಡುಗೊರೆ: ಸ್ವರಲಿಪಿ ಓದುವುದನ್ನು ಕಲಿಸುವ ಪುಸ್ತಕ, ಶ್ರುತಿ ಹಿಡಿಯುವ ಪುಟ್ಟ ಪೈಪು, ಬರೆಯಲು ಒಂದು ದೊಡ್ಡ ಹಾಳೆಕಟ್ಟು. ಅಟ್ಲಾಂಟಿಕ್ ಜೊತೆಗಿನ ಕರಾರಿಗೆ ರೂತ್ ಸಹಿ ಹಾಕಿದ್ದು ಆಸ್ಪತ್ರೆಯ ಹಾಸಿಗೆಯಲ್ಲೇ.

ಆ ದೃಶ್ಯವನ್ನು ಎರಡು ರೀತಿಯಲ್ಲಿ ನೋಡಬಹುದು. ಕಾಲು ಮುರಿದು ಮಲಗಿರುವ, ಒಂದು ಹಾಡನ್ನೂ ಧ್ವನಿಮುದ್ರಿಸದ ಹುಡುಗಿಯನ್ನು ಕೈಬಿಡದೆ ಕಾಯ್ದ ಸಂಸ್ಥೆ ಅದು. ಆ ಔದಾರ್ಯ ನಿಜ. ರೂತ್ ಕೊನೆಯವರೆಗೂ ಅದನ್ನು ನೆನೆಯುತ್ತಿದ್ದರು. ಆದರೆ ಕರಾರಿನಲ್ಲಿ ಏನಿದೆ ಎಂದು ಓದಿ, ಕೇಳಿ, ಚೌಕಾಸಿ ಮಾಡುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ ಎಂಬುದೂ ಅಷ್ಟೇ ನಿಜ.

* * *

1949ರ ಮೇ ತಿಂಗಳಲ್ಲಿ ಮೊದಲ ಹಾಡು ‘ಸೋ ಲಾಂಗ್’ ಮುದ್ರಣವಾಯಿತು. ಊರುಗೋಲಿನ ಮೇಲೆ ನಿಂತು ಹಾಡುತ್ತಿದ್ದ ದಿನಗಳವು. ನಿಧಾನಗತಿಯ ಆ ವಿರಹದ ಹಾಡು ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದವರೆಗೆ ಹೋಯಿತು.

ಅದರ ಮರುತಿಂಗಳೇ, ಜೂನ್ 25ರಂದು, ‘ಬಿಲ್‌ಬೋರ್ಡ್’ ಪತ್ರಿಕೆ ಒಂದು ಹೆಸರನ್ನು ಬದಲಾಯಿಸಿತು. ಅಲ್ಲಿಯವರೆಗೆ ಕರಿಯರ ಸಂಗೀತದ ಪಟ್ಟಿಗೆ ‘ರೇಸ್ ರೆಕಾರ್ಡ್ಸ್’ ಎಂಬ ತಲೆಬರಹವಿತ್ತು. ಜನಾಂಗದ ಹೆಸರಿನಲ್ಲೇ ಸಂಗೀತವನ್ನು ಬೇರೆ ಇಡುವ ಪದ್ಧತಿ ಅದು. ಪತ್ರಿಕೆಯ ವರದಿಗಾರ ಜೆರ್ರಿ ವೆಕ್ಸ್ಲರ್ ಸೂಚಿಸಿದ ಹೊಸ ಹೆಸರು ‘ರಿದಮ್ ಅಂಡ್ ಬ್ಲೂಸ್’. ಇದೇ ವೆಕ್ಸ್ಲರ್ 1953ರಲ್ಲಿ ಅಟ್ಲಾಂಟಿಕ್ ಪಾಲುದಾರರಾದರು. ಹೆಸರು ಸಭ್ಯವಾಯಿತು, ಗೋಡೆ ಹಾಗೇ ಉಳಿಯಿತು. ಕರಿಯರ ಹಾಡಿಗೆ ಒಂದು ಪಟ್ಟಿ, ಬಿಳಿಯರು ಕೇಳುವ ‘ಪಾಪ್’ ಹಾಡಿಗೆ ಇನ್ನೊಂದು.

ರೂತ್‌ಗೆ ಇಷ್ಟವಾದದ್ದು ನಿಧಾನದ, ಮನಸ್ಸು ಕಲಕುವ ಹಾಡುಗಳು. ಸಂಸ್ಥೆಗೆ ಬೇಕಿದ್ದದ್ದು ಕುಣಿಸುವ ಲಯ. 1950ರಲ್ಲಿ ರೂಡಿ ಟೂಂಬ್ಸ್ ಬರೆದ ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಬಂತು. ಮಾತಿನಲ್ಲಿ ಕಣ್ಣೀರು, ತಾಳದಲ್ಲಿ ಕುಣಿತ. ಅದು ಹನ್ನೊಂದು ವಾರ ಮೊದಲ ಸ್ಥಾನದಲ್ಲಿ ಕೂತಿತು. ಹಾಡುವಾಗ ಸಾಲಿನ ಕೊನೆಗೆ ಅವರ ದನಿ ಸಣ್ಣಗೆ ಮುರಿದು ಕೀಚಲಾಗಿ ಮೇಲೇಳುತ್ತಿತ್ತು. ಬೇರೆಯವರಲ್ಲಿ ತಪ್ಪು ಅನ್ನಿಸಬಹುದಾಗಿದ್ದ ಆ ಸದ್ದೇ ಅವರ ಗುರುತಾಯಿತು. ಜನ ಅವರನ್ನು ‘ಮಿಸ್ ರಿದಮ್’ ಎಂದು ಕರೆದರು.

ನಂತರ ಸಾಲುಸಾಲಾಗಿ ಗೆಲುವು. 1952ರಲ್ಲಿ ‘ಫೈವ್ ಟೆನ್ ಫಿಫ್ಟೀನ್ ಅವರ್ಸ್’ ಏಳು ವಾರ ಮೊದಲ ಸ್ಥಾನದಲ್ಲಿತ್ತು. 1953ರಲ್ಲಿ ‘ಮಾಮಾ, ಹೀ ಟ್ರೀಟ್ಸ್ ಯುವರ್ ಡಾಟರ್ ಮೀನ್’ ಐದು ವಾರ. ಅಮ್ಮನ ಹತ್ತಿರ ಗಂಡಿನ ಮೇಲೆ ದೂರು ಹೇಳುವ ಈ ಹಾಡು ರೂತ್‌ಗೆ ಮೊದಲು ಇಷ್ಟವಾಗಿರಲೇ ಇಲ್ಲ. ಕೇಳಿದವರಿಗೆ ಮಾತ್ರ ಅದೇ ಅವರ ಹಾಡಾಯಿತು. 1954ರಲ್ಲಿ ‘ಓ ವಾಟ್ ಎ ಡ್ರೀಮ್’, ‘ಮಾಂಬೊ ಬೇಬಿ’. ನಾಣ್ಯ ಹಾಕಿದರೆ ಬೇಕಾದ ಹಾಡು ನುಡಿಸುವ ಜೂಕ್‌ಬಾಕ್ಸ್ ಪೆಟ್ಟಿಗೆಗಳು ಒಂದು ಕಾಲಕ್ಕೆ ಮುಂಬಯಿಯ ಇರಾನಿ ಹೋಟೆಲುಗಳಲ್ಲೂ ಇದ್ದವು. ಅಮೆರಿಕದ ಕರಿಯರ ಕೇರಿಗಳಲ್ಲಿ ಸಣ್ಣ ಸಂಸ್ಥೆಗಳನ್ನು ಬದುಕಿಸಿದ್ದೇ ಆ ಪೆಟ್ಟಿಗೆಗಳು. ಅಟ್ಲಾಂಟಿಕ್‌ನಂಥ ಹೊಸ ಅಂಗಡಿಯ ಬಾಡಿಗೆ, ಸಂಬಳ, ಮುಂದಿನ ಗಾಯಕರ ಮೇಲಿನ ಬಂಡವಾಳ ಎಲ್ಲಕ್ಕೂ ರೂತ್ ಹಾಡುಗಳ ಮಾರಾಟವೇ ಆಧಾರವಾಗಿತ್ತು. ‘ರೂತ್ ಕಟ್ಟಿದ ಮನೆ’ ಎಂಬ ಮಾತು ಹುಟ್ಟಿದ್ದು ಹೀಗೆ.

ಗಾಯಕಿಗೆ ಹೊಟ್ಟೆಪಾಡು ನಡೆಯುತ್ತಿದ್ದದ್ದು ಊರೂರು ಸುತ್ತಿ ಹಾಡುವುದರಿಂದ. ದಕ್ಷಿಣದ ರಾಜ್ಯಗಳಲ್ಲಿ ಆ ತಿರುಗಾಟ ಸುಲಭದ್ದಲ್ಲ. ಸಭಾಂಗಣದ ನಡುವೆ ಹಗ್ಗ ಕಟ್ಟಿ ಒಂದು ಕಡೆ ಕರಿಯರನ್ನು, ಇನ್ನೊಂದು ಕಡೆ ಬಿಳಿಯರನ್ನು ನಿಲ್ಲಿಸುತ್ತಿದ್ದರು. ಇಲ್ಲವೇ ಕೆಳಗೆ ಕರಿಯರು ಕುಣಿಯುತ್ತಿದ್ದರೆ ಬಾಲ್ಕನಿಯಿಂದ ಬಿಳಿಯರು ನೋಡುತ್ತಿದ್ದರು. ಹಾಡು ಕೇಳಿದ ಊರಿನಲ್ಲಿ ಹಾಡಿದವರಿಗೆ ಮಲಗಲು ಹೋಟೆಲ್ ಸಿಗುತ್ತಿರಲಿಲ್ಲ. ಪೆಟ್ರೋಲ್ ಹಾಕಿಸಿಕೊಳ್ಳುವ ಬಂಕಿನಲ್ಲಿ ಶೌಚಾಲಯ ಬಳಸುವಂತಿರಲಿಲ್ಲ.

ಇನ್ನೊಂದು ಹಗ್ಗ ಕಣ್ಣಿಗೆ ಕಾಣುತ್ತಿರಲಿಲ್ಲ. ಕರಿಯ ಗಾಯಕಿಯ ಹಾಡು ಗೆಲ್ಲುತ್ತಿದ್ದಂತೆ ದೊಡ್ಡ ಸಂಸ್ಥೆಯೊಂದು ಬಿಳಿಯ ಗಾಯಕಿಯಿಂದ ಅದನ್ನೇ ಹಾಡಿಸಿ ಪಾಪ್ ಮಾರುಕಟ್ಟೆಗೆ ಬಿಡುತ್ತಿತ್ತು. ‘ಓ ವಾಟ್ ಎ ಡ್ರೀಮ್’ ಹಾಡನ್ನು ಪ್ಯಾಟಿ ಪೇಜ್ ಹೀಗೆಯೇ ಹಾಡಿದರು. ಹಾಡು ಬರೆದವನಿಗೆ ಕಾನೂನಿನ ರಕ್ಷಣೆ ಇತ್ತು; ಯಾರು ಹಾಡಿದರೂ ಅವನ ಪಾಲು ಅವನಿಗೆ ಹೋಗುತ್ತಿತ್ತು. ಆದರೆ ಆ ಹಾಡಿಗೆ ರೂಪ ಕೊಟ್ಟ ದನಿಗೆ, ಅದರ ಏರಿಳಿತಕ್ಕೆ ಯಾವ ಹಕ್ಕೂ ಇರಲಿಲ್ಲ. ಅಟ್ಲಾಂಟಿಕ್‌ನ ಇನ್ನೊಬ್ಬ ಗಾಯಕಿ ಲಾವರ್ನ್ ಬೇಕರ್ 1955ರಲ್ಲಿ ಈ ಬಗ್ಗೆ ಸಂಸದ ಚಾರ್ಲ್ಸ್ ಡಿಗ್ಸ್ ಅವರಿಗೆ ದೂರು ಬರೆದರು. ತಮ್ಮ ‘ಟ್ವೀಡಲ್ ಡೀ’ ಹಾಡಿನ ವಾದ್ಯಸಂಯೋಜನೆಯನ್ನು ಬಿಳಿಯ ಗಾಯಕಿ ಜಾರ್ಜಿಯಾ ಗಿಬ್ಸ್ ಹಾಗೆಹಾಗೇ ನಕಲು ಮಾಡಿದ್ದಾರೆ, ಇದಕ್ಕೆ ಕಾನೂನು ಬೇಕು ಎಂಬುದು ಅವರ ಮನವಿ. ಕಾನೂನು ಬರಲಿಲ್ಲ.

* * *

ಅಷ್ಟು ಹಾಡುಗಳು ಮಾರಾಟವಾದ ಮೇಲೂ ಗಾಯಕಿ ಸಾಲಗಾರಳಾಗುವುದು ಹೇಗೆ? ಉತ್ತರ ಆ ಕಾಲದ ಕರಾರುಗಳಲ್ಲಿದೆ.

ಗಾಯಕರಿಗೆ ಧ್ವನಿಮುದ್ರಣದ ದಿನ ಒಂದು ಸಣ್ಣ ಮೊತ್ತ ಸಿಗುತ್ತಿತ್ತು. ಉಳಿದದ್ದು ರಾಯಲ್ಟಿ, ಅಂದರೆ ಮಾರಾಟವಾದ ಪ್ರತಿ ತಟ್ಟೆಯ ಬೆಲೆಯಲ್ಲಿ ಒಂದು ಸಣ್ಣ ಪಾಲು. ಆದರೆ ಆ ಪಾಲು ಕೈಗೆ ಬರುವ ಮೊದಲು ಸ್ಟುಡಿಯೊ ಬಾಡಿಗೆ, ವಾದಕರ ಕೂಲಿ, ಸಂಯೋಜಕರ ಸಂಭಾವನೆ ಎಲ್ಲವನ್ನೂ ಅದರಿಂದಲೇ ಕಳೆಯುತ್ತಿದ್ದರು. ಉದಾಹರಣೆಗೆ ಒಂದು ಮುದ್ರಣಕ್ಕೆ ಸಾವಿರ ಡಾಲರ್ ಖರ್ಚಾಯಿತು, ಗಾಯಕಿಯ ಪಾಲು ತಟ್ಟೆಯೊಂದಕ್ಕೆ ಎರಡು ಸೆಂಟ್ ಎಂದಿಟ್ಟುಕೊಂಡರೆ, ಐವತ್ತು ಸಾವಿರ ತಟ್ಟೆ ಮಾರಾಟವಾಗುವವರೆಗೆ ಅವಳಿಗೆ ಒಂದು ಕಾಸೂ ಇಲ್ಲ. ಅಷ್ಟರಲ್ಲಿ ಸಂಸ್ಥೆ ತನ್ನ ಪಾಲಿನಿಂದ ಖರ್ಚು ತೆಗೆದು ಎಷ್ಟೋ ಪಟ್ಟು ಲಾಭ ಮಾಡಿರುತ್ತದೆ. ಆದರೂ ಖಾತೆಪುಸ್ತಕದಲ್ಲಿ ಖರ್ಚು ‘ವಸೂಲಾಗಿಲ್ಲ’. ಕಾರಣ, ವಸೂಲಾಗಬೇಕಾದದ್ದು ಗಾಯಕಿಯ ಎರಡು ಸೆಂಟಿನಿಂದ ಮಾತ್ರ. ಸಾಗಾಣಿಕೆಯಲ್ಲಿ ಒಡೆಯುವ ತಟ್ಟೆಗಳ ಲೆಕ್ಕ, ಅಂಗಡಿಗಳಿಗೆ ಬಿಟ್ಟಿ ಕೊಟ್ಟ ತಟ್ಟೆಗಳ ಲೆಕ್ಕವೂ ಇದಕ್ಕೆ ಸೇರುತ್ತಿತ್ತು. ಒಂದು ಹಾಡು ಗೆದ್ದರೆ ಸೋತ ಮೂರು ಹಾಡುಗಳ ಖರ್ಚು ಅದರ ತಲೆಯ ಮೇಲೆ ಬೀಳುತ್ತಿತ್ತು.

ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆಯಲ್ಲಿ ಕೊಟ್ಟವನು ಪೆದ್ದನಾಗುತ್ತಾನೆ, ಅಷ್ಟೆ. ಇಲ್ಲಿ ಕೊಟ್ಟವರನ್ನೇ ಸಾಲಗಾರರೆಂದು ಬರೆದಿಟ್ಟಿದ್ದರು.

ಇದು ಅಟ್ಲಾಂಟಿಕ್ ಒಂದರದೇ ರೀತಿಯಲ್ಲ. ರಾಯಲ್ಟಿ ಎಂಬ ಪದವನ್ನೇ ಎತ್ತದೆ, ಒಂದು ಬಾಟಲಿ ಮದ್ಯವನ್ನೋ ಹಳೆಯ ಕಾರನ್ನೋ ಕೊಟ್ಟು ಕೈತೊಳೆದುಕೊಂಡ ಸಂಸ್ಥೆಗಳು ಆ ಕಾಲದಲ್ಲಿದ್ದವು. ಅವುಗಳ ನಡುವೆ ಅಟ್ಲಾಂಟಿಕ್‌ಗೆ ಒಳ್ಳೆಯ ಹೆಸರೇ ಇತ್ತು. ಅದರ ಒಡೆಯರಿಗೆ ಆ ಸಂಗೀತದ ಮೇಲೆ ನಿಜವಾದ ಪ್ರೀತಿಯಿತ್ತು. ಗಾಯಕರಿಗೂ ಅದು ಗೊತ್ತಿತ್ತು. ಆದ್ದರಿಂದಲೇ ಅನೇಕರು ಲೆಕ್ಕ ಕೇಳಲು ಸಂಕೋಚಪಟ್ಟರು. ಆಸ್ಪತ್ರೆಗೆ ಉಡುಗೊರೆ ತಂದವರ ಎದುರು ಕೂತು ಸ್ಟುಡಿಯೊ ಬಾಡಿಗೆ ಯಾಕೆ ನನ್ನ ಹೆಸರಿಗೆ ಎಂದು ಕೇಳುವುದು ಕಷ್ಟ. ಪ್ರೀತಿ ಇದ್ದ ಕಡೆ ಲೆಕ್ಕ ಸರಿಯಿರುತ್ತದೆ ಎಂದು ನಂಬುವುದು ಸುಲಭ.

* * *

ಐವತ್ತರ ದಶಕದ ಕೊನೆಗೆ ಗಾಳಿ ಬೇರೆ ಕಡೆಗೆ ಬೀಸಿತು. ರಿದಮ್ ಅಂಡ್ ಬ್ಲೂಸ್‌ನ ತಾಳ ‘ರಾಕ್ ಅಂಡ್ ರೋಲ್’ ಎಂಬ ಹೆಸರಿನಲ್ಲಿ ಬಿಳಿಯ ಹದಿಹರೆಯದವರ ಸಂಗೀತವಾಯಿತು. 1957ರಲ್ಲಿ ‘ಲಕ್ಕಿ ಲಿಪ್ಸ್’, 1958ರಲ್ಲಿ ‘ದಿಸ್ ಲಿಟಲ್ ಗರ್ಲ್ಸ್ ಗಾನ್ ರಾಕಿನ್’ ಹಾಡುಗಳೊಂದಿಗೆ ರೂತ್ ಪಾಪ್ ಪಟ್ಟಿಯ ಮೊದಲ ಇಪ್ಪತ್ತೈದರೊಳಗೆ ಬಂದರು. ಅಲ್ಲಿಂದ ಮುಂದೆ ಇಳಿಮುಖ. 1961ರಲ್ಲಿ ಅಟ್ಲಾಂಟಿಕ್ ನಂಟು ಮುಗಿಯಿತು. ಬೇರೆ ಸಂಸ್ಥೆಗಳಿಗೆ ಹಾಡಿದ ಹಾಡುಗಳು ಹೆಸರು ಮಾಡಲಿಲ್ಲ.

ಲಾಂಗ್ ಐಲ್ಯಾಂಡಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಸಾಕುವ ಹೊಣೆ ಅವರ ಮೇಲಿತ್ತು. ಶಾಲಾ ಬಸ್ ಓಡಿಸಿದರು, ಪುಟ್ಟ ಮಕ್ಕಳ ಶಾಲೆಯಲ್ಲಿ ಸಹಾಯಕಿಯಾದರು, ಮನೆಗೆಲಸ ಮಾಡಿದರು. ಅಪಘಾತದಲ್ಲಿ ಜಖಂಗೊಂಡ ಕಾಲುಗಳ ನೋವು ಜೊತೆಗೇ ಇತ್ತು. ಅವರ ಹಳೆಯ ಹಾಡುಗಳು ರೇಡಿಯೊದಲ್ಲಿ ಬರುತ್ತಿದ್ದವು. ಅದರಿಂದ ಅವರಿಗೆ ಬರುತ್ತಿದ್ದದ್ದು ಶೂನ್ಯ. ಅಮೆರಿಕದ ಕಾನೂನಿನಂತೆ ರೇಡಿಯೊ ನಿಲಯ ಹಾಡು ಬರೆದವರಿಗೆ ಹಣ ಕೊಡಬೇಕು, ಹಾಡಿದವರಿಗೆ ಕೊಡಬೇಕಿಲ್ಲ. ಧ್ವನಿಮುದ್ರಣಕ್ಕೆ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಕೃತಿಸ್ವಾಮ್ಯ ಸಿಕ್ಕಿದ್ದೇ 1972ರ ಫೆಬ್ರವರಿ 15ರ ನಂತರದ ಮುದ್ರಣಗಳಿಗೆ. ರೂತ್ ಬ್ರೌನ್ ಅವರ ದೊಡ್ಡ ಹಾಡುಗಳೆಲ್ಲ ಅದಕ್ಕೂ ಹಿಂದಿನವು.

ಇತ್ತ 1967ರಲ್ಲಿ ಅಟ್ಲಾಂಟಿಕ್ ಸಂಸ್ಥೆ ವಾರ್ನರ್ ಬಳಗಕ್ಕೆ ಮಾರಾಟವಾಯಿತು. ಬೆಲೆ 1.75 ಕೋಟಿ ಡಾಲರ್. ರೂತ್ ಕಟ್ಟಿದ ಮನೆಗೆ ಬೆಲೆ ಕಟ್ಟಿದಾಗ ರೂತ್ ಆ ಮನೆಯಲ್ಲಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ಹಳೆಯ ಗೆಳೆಯ, ಹಾಸ್ಯನಟ ರೆಡ್ ಫಾಕ್ಸ್ ಅವರನ್ನು ಲಾಸ್ ಏಂಜಲೀಸ್‌ಗೆ ಕರೆಸಿಕೊಂಡರು. ನಾಗರಿಕ ಹಕ್ಕುಗಳ ಚಳವಳಿಯ ಕುರಿತ ‘ಸೆಲ್ಮಾ’ ಸಂಗೀತ ನಾಟಕದಲ್ಲಿ ಮಹಾನ್ ಭಕ್ತಿಗಾಯಕಿ ಮಹಾಲಿಯಾ ಜಾಕ್ಸನ್ ಪಾತ್ರ ಸಿಕ್ಕಿತು. ತಂದೆಗೆ ಪ್ರಿಯವಾಗಿದ್ದ ಹಾಡಿನ ದಾರಿಯಿಂದಲೇ ಮಗಳು ಮತ್ತೆ ರಂಗಕ್ಕೆ ಬಂದಂತಾಯಿತು. ಟಿವಿ ಧಾರಾವಾಹಿಗಳಲ್ಲಿ ಸಣ್ಣಪುಟ್ಟ ಪಾತ್ರಗಳು ಬಂದವು, ಕ್ಲಬ್ಬುಗಳಲ್ಲಿ ಹಾಡುಗಾರಿಕೆ ಮತ್ತೆ ಶುರುವಾಯಿತು.

ಎಂಬತ್ತರ ದಶಕದ ಆರಂಭದಲ್ಲಿ ಅಂಥದೊಂದು ಕಾರ್ಯಕ್ರಮಕ್ಕೆ ಹಾವೆಲ್ ಬೆಗಲ್ ಎಂಬ ವಾಷಿಂಗ್ಟನ್ನಿನ ವಕೀಲರು ಬಂದರು. ಹುಡುಗನಾಗಿದ್ದಾಗಿನಿಂದ ರೂತ್ ಹಾಡುಗಳ ಅಭಿಮಾನಿ. ಹೆಚ್ಚು ಬೆಲೆ ಕೊಟ್ಟು ಸಂಗ್ರಹಿಸಿದ್ದ ಹಳೆಯ ತಟ್ಟೆಗಳನ್ನು ಹಸ್ತಾಕ್ಷರಕ್ಕಾಗಿ ಜೊತೆಗೆ ತಂದಿದ್ದರು. ಮಾತಿನ ನಡುವೆ ಅವರಿಗೆ ತಿಳಿದದ್ದು, ಈ ತಟ್ಟೆಗಳಿಂದ ರೂತ್‌ಗೆ ದಶಕಗಳಿಂದ ರಾಯಲ್ಟಿಯೇ ಬಂದಿಲ್ಲ ಎಂಬುದು. ಶುಲ್ಕ ಕೇಳದೆ ಬೆಗಲ್ ಪ್ರಕರಣ ಕೈಗೆತ್ತಿಕೊಂಡರು. ಸಂಸ್ಥೆಯ ಲೆಕ್ಕದಲ್ಲಿ ಸಿಕ್ಕ ಉತ್ತರ: ರೂತ್ ಬ್ರೌನ್ ಅವರೇ ಸಂಸ್ಥೆಗೆ ಸಾವಿರಾರು ಡಾಲರ್ ಬಾಕಿ.

ಕೋರ್ಟಿನ ದಾರಿ ಕಷ್ಟವಿತ್ತು. ಸಹಿ ಮಾಡಿದ ಕರಾರು ಎದುರಿಗಿತ್ತು, ಹಳೆಯ ಬಾಕಿ ಕೇಳುವ ಕಾನೂನಿನ ಅವಧಿ ಎಂದೋ ಮುಗಿದಿತ್ತು. ಆದ್ದರಿಂದ ಹೋರಾಟ ಸಾರ್ವಜನಿಕವಾಯಿತು. ರೂತ್ ವೇದಿಕೆಯ ಮೇಲೆ, ಸಂದರ್ಶನಗಳಲ್ಲಿ ಕರಾರುಗಳ ಬಗ್ಗೆ ಬಿಚ್ಚಿ ಮಾತಾಡತೊಡಗಿದರು. ತಮ್ಮೊಬ್ಬರ ಲೆಕ್ಕ ಚುಕ್ತಾ ಮಾಡಿಸಿಕೊಂಡು ಸುಮ್ಮನಾಗಲು ಅವರು ಸಿದ್ಧರಿರಲಿಲ್ಲ. ಅದೇ ಕಾಲದ ಇತರ ಗಾಯಕರ ಖಾತೆಗಳೂ ಹೊರಬಂದವು. ಜೆಸ್ಸಿ ಜಾಕ್ಸನ್‌ರಂಥ ಕರಿಯ ನಾಯಕರ ಬೆಂಬಲ ಸಿಕ್ಕಿತು. ಕೆಲವರಿಗೆ ಕಾಯುವಷ್ಟು ಆಯುಸ್ಸಿರಲಿಲ್ಲ. ಅಟ್ಲಾಂಟಿಕ್‌ನ ದೊಡ್ಡ ಗಾಯಕರಲ್ಲೊಬ್ಬರಾದ ಬಿಗ್ ಜೋ ಟರ್ನರ್ 1985ರಲ್ಲೇ ತೀರಿಕೊಂಡರು.

1988ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ತನ್ನ ನಲವತ್ತನೆಯ ಹುಟ್ಟುಹಬ್ಬವನ್ನು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅದ್ದೂರಿಯಾಗಿ ಆಚರಿಸಲು ಹೊರಟಿತ್ತು. ಇತಿಹಾಸವನ್ನು ಕೊಂಡಾಡುವ ಸಂಭ್ರಮದಲ್ಲಿ ಇತಿಹಾಸ ಕಟ್ಟಿದವರು ಬಾಗಿಲಲ್ಲಿ ನಿಂತು ಬಾಕಿ ಕೇಳುವುದು ಯಾವ ಸಂಸ್ಥೆಗೂ ಬೇಡ. ಕಾರ್ಯಕ್ರಮಕ್ಕೆ ಸ್ವಲ್ಪ ಮೊದಲು ಅಟ್ಲಾಂಟಿಕ್ ಒಪ್ಪಿತು. ರೂತ್ ಬ್ರೌನ್ ಮತ್ತು ಅವರ ಕಾಲದ ಇನ್ನೂ 35 ಕಲಾವಿದರ ‘ವಸೂಲಾಗದ’ ಸಾಲ ಮನ್ನಾ. ಹಿಂದಿನ ಇಪ್ಪತ್ತು ವರ್ಷಗಳ ರಾಯಲ್ಟಿ ಪಾವತಿ. ಅದಲ್ಲದೆ, ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಸ್ಥಾಪನೆಗೆ ಸುಮಾರು ಇಪ್ಪತ್ತು ಲಕ್ಷ ಡಾಲರ್ ಕೊಡುಗೆ. ಹುಟ್ಟುಹಬ್ಬದ ವೇದಿಕೆಯಲ್ಲಿ ರೂತ್ ಹಾಡಿದರು. ಫಿಲಿಪ್ಪೀನ್ಸ್‌ನ ಅಮೆರಿಕನ್ ಸೇನಾನೆಲೆಯ ಕ್ಲಬ್ಬೊಂದರಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡುತ್ತಿದ್ದ ಲಾವರ್ನ್ ಬೇಕರ್ ಕೂಡ ಅದಕ್ಕಾಗಿ ಊರಿಗೆ ಮರಳಿದರು.

* * *

ಅರವತ್ತು ದಾಟಿದ ಮೇಲೆ ರೂತ್ ಬ್ರೌನ್‌ಗೆ ಎರಡನೆಯ ಕಾಲ ಬಂತು. 1988ರಲ್ಲಿ ಜಾನ್ ವಾಟರ್ಸ್ ನಿರ್ದೇಶನದ ‘ಹೇರ್‌ಸ್ಪ್ರೇ’ ಚಿತ್ರದಲ್ಲಿ ಮೋಟರ್‌ಮೌತ್ ಮೇಬೆಲ್ ಎಂಬ ಪಾತ್ರ: ಟಿವಿಯ ನೃತ್ಯ ಕಾರ್ಯಕ್ರಮದಲ್ಲಿ ಕರಿಯರಿಗೂ ಬಿಳಿಯರಿಗೂ ಜೊತೆಯಾಗಿ ಕುಣಿಯಲು ಅವಕಾಶ ಬೇಕೆನ್ನುವವರ ಪರ ನಿಲ್ಲುವ, ರೆಕಾರ್ಡ್ ಅಂಗಡಿಯ ಒಡತಿ. ಹಗ್ಗ ಕಟ್ಟಿದ ಸಭಾಂಗಣಗಳಲ್ಲಿ ಹಾಡಿ ಬಂದಿದ್ದವರಿಗೆ ಆ ಪಾತ್ರದ ಬಗ್ಗೆ ಯಾರೂ ಹೆಚ್ಚು ಹೇಳಿಕೊಡಬೇಕಿರಲಿಲ್ಲ. 1989ರಲ್ಲಿ ಬ್ರಾಡ್‌ವೇಯ ‘ಬ್ಲಾಕ್ ಅಂಡ್ ಬ್ಲೂ’ ಪ್ರದರ್ಶನಕ್ಕೆ ಟೋನಿ ಪ್ರಶಸ್ತಿ, ಮರುವರ್ಷ ‘ಬ್ಲೂಸ್ ಆನ್ ಬ್ರಾಡ್‌ವೇ’ ಆಲ್ಬಂಗೆ ಗ್ರ್ಯಾಮಿ. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆ. 1996ರಲ್ಲಿ ಆತ್ಮಕಥೆ ‘ಮಿಸ್ ರಿದಮ್’.

ಪ್ರಶಸ್ತಿಗಳಿಗಿಂತ ಹೆಚ್ಚು ಬಾಳಿದ ಕೆಲಸ ಆ ಫೌಂಡೇಶನ್. ಗೌರವ ಸನ್ಮಾನಗಳ ಜೊತೆ ಅದು ಹಳೆಯ ಕಲಾವಿದರ ಆಸ್ಪತ್ರೆಯ ಬಿಲ್ಲು, ಶವಸಂಸ್ಕಾರದ ಖರ್ಚಿಗೂ ನೆರವಾಯಿತು. ಮೋಟೌನ್ ಸಂಸ್ಥೆಯ ಮೊದಲ ತಾರೆಗಳಲ್ಲೊಬ್ಬರಾದ ಮೇರಿ ವೆಲ್ಸ್ ಅವರಿಗೆ 1990ರಲ್ಲಿ ಗಂಟಲ ಕ್ಯಾನ್ಸರ್ ಬಂದಾಗ ಆರೋಗ್ಯ ವಿಮೆ ಇರಲಿಲ್ಲ. ಚಿಕಿತ್ಸೆಯ ಖರ್ಚಿನಲ್ಲಿ ಮನೆಯನ್ನೂ ಕಳೆದುಕೊಂಡಿದ್ದ ಅವರಿಗೆ ಫೌಂಡೇಶನ್ ನೆರವು ಬಂತು. ಒಂದು ಕಾಲದಲ್ಲಿ ಎಷ್ಟೋ ಊರುಗಳ ಜೂಕ್‌ಬಾಕ್ಸ್ ತುಂಬಿಸಿದ್ದ ಕಲಾವಿದರು ಕೊನೆಗಾಲದಲ್ಲಿ ಚಂದಾ ಎತ್ತಿ ಔಷಧಿ ತರುವ ಸ್ಥಿತಿಯಲ್ಲಿದ್ದರು ಎಂಬುದು ಆಗ ಹೊರಲೋಕಕ್ಕೆ ಗೊತ್ತಾಯಿತು. ಬೇರೆ ಸಂಸ್ಥೆಗಳ ಮೇಲೂ ಹಳೆಯ ಕರಾರುಗಳನ್ನು ತಿದ್ದುವ ಒತ್ತಡ ಬಿತ್ತು.

ರೂತ್ ಬ್ರೌನ್ 2006ರ ನವೆಂಬರ್ 17ರಂದು ನೆವಾಡಾ ರಾಜ್ಯದಲ್ಲಿ, 78ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಹ್ಮೆತ್ ಎರ್ತೆಗುನ್ ಆಗ ನ್ಯೂಯಾರ್ಕಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಅಕ್ಟೋಬರ್ ಕೊನೆಗೆ ಸಂಗೀತ ಕಛೇರಿಯೊಂದರಲ್ಲಿ ಜಾರಿಬಿದ್ದು ತಲೆಗೆ ಪೆಟ್ಟಾಗಿತ್ತು. ಡಿಸೆಂಬರ್ 14ರಂದು ಅವರೂ ಹೋದರು. ಮನೆ ಕಟ್ಟಿದವರು, ಮನೆಯ ಒಡೆಯರು, ಇಬ್ಬರೂ ಒಂದು ತಿಂಗಳೊಳಗೆ.

1972ಕ್ಕೆ ಮೊದಲಿನ ಧ್ವನಿಮುದ್ರಣಗಳು ಇಂಟರ್ನೆಟ್ ರೇಡಿಯೊಗಳಲ್ಲಿ ಬಂದಾಗ ಹಾಡಿದವರಿಗೂ ಪಾಲು ಕೊಡಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 2018ರಲ್ಲಿ, ರೂತ್ ಹೋಗಿ ಹನ್ನೆರಡು ವರ್ಷಗಳಾದ ಮೇಲೆ. ಸಾಮಾನ್ಯ ರೇಡಿಯೊ ನಿಲಯಗಳ ಮಟ್ಟಿಗೆ ಆ ಬದಲಾವಣೆಯೂ ಆಗಿಲ್ಲ. ಅಮೆರಿಕದ ಯಾವುದೋ ಊರಿನಲ್ಲಿ ಇವತ್ತು ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಎಫ್‌ಎಂನಲ್ಲಿ ಬಂದರೆ ರೂಡಿ ಟೂಂಬ್ಸ್ ಲೇಖನಿಗೆ ಪಾಲು ಉಂಟು, ರೂತ್ ಬ್ರೌನ್ ದನಿಗೆ ಇಲ್ಲ. ಸಾಲಿನ ಕೊನೆಗೆ ಆ ದನಿ ಈಗಲೂ ಸಣ್ಣಗೆ ಮುರಿದು ಮೇಲೇಳುತ್ತದೆ.